ನವೆಂಬರಿನ ಎರಡನೇ ಭಾನುವಾರ: ಇಂಗ್ಲೆಂಡಿನ ಹಳ್ಳಿಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಅಕ್ಟೋಬರ್ ಮುಗಿಯುವ ಹೊತ್ತಿಗೆ ಅಂಗಡಿಯ ಗಲ್ಲಾದ ಪಕ್ಕ ಕಾಗದದ ಕೆಂಪು ‘ಪಾಪಿ’ ಹೂಗಳ ಡಬ್ಬಿ ಬಂದು ಕೂರುತ್ತದೆ. ಬೀದಿದೀಪದ ಕಂಬಗಳಿಗೂ ಅದೇ ಹೂವು. ಚರ್ಚಿನ ಸೂಚನಾ ಫಲಕದಲ್ಲಿ ‘ರಿಮೆಂಬ್ರೆನ್ಸ್ ಸಂಡೆ’ ಎಂಬ ಚೀಟಿ. ನಮ್ಮವರಲ್ಲಿ ಬಹಳ ಮಂದಿ ಅದನ್ನು ಓದಿ, ಅದು ಅವರ ಚರ್ಚಿನ ಪೂಜೆ, ನಮಗೇನು ಕೆಲಸ ಎಂದು ಮುಂದೆ ಹೋಗುತ್ತೇವೆ. ಹೀಗೇ ಹತ್ತು ವರ್ಷ ಕಳೆದವರಿದ್ದಾರೆ. ಈ ಬರಹದಲ್ಲಿ ಹೇಳಲಿರುವ ತಪ್ಪುಗಳಲ್ಲೆಲ್ಲ ಇದೇ ದೊಡ್ಡದು. ಆ ಬೆಳಿಗ್ಗೆ ಅಲ್ಲಿ ಸೇರುವವರಲ್ಲಿ ವರ್ಷದ ಬೇರೆ ಯಾವ ಭಾನುವಾರವೂ ಚರ್ಚಿನ ಮೆಟ್ಟಿಲು ಹತ್ತದವರು ಎಷ್ಟೋ ಮಂದಿ. ಅವರು ಬರುವುದು ಯುದ್ಧಗಳಲ್ಲಿ ಸತ್ತ ತಮ್ಮ ಊರಿನವರ ಹೆಸರು ಕೇಳಲು.

ಮೊದಲನೇ ಮಹಾಯುದ್ಧ ನಿಂತದ್ದು 1918ರ ನವೆಂಬರ್ 11ರ ಬೆಳಿಗ್ಗೆ 11 ಗಂಟೆಗೆ. ಮರುವರ್ಷದಿಂದ ಅದೇ ಗಳಿಗೆಗೆ ಎರಡು ನಿಮಿಷದ ಮೌನ ಶುರುವಾಯಿತು. ಊರವರೆಲ್ಲ ಸೇರುವ ಸ್ಮರಣೆಯ ಸೇವೆ ಈಗ ನವೆಂಬರಿನ ಎರಡನೇ ಭಾನುವಾರ. ಜನವರಿ 30ರ ಬೆಳಿಗ್ಗೆ 11ಕ್ಕೆ ಸೈರನ್ ಕೂಗಿದಾಗ ಶಾಲೆಯಲ್ಲಿ ಎದ್ದು ನಿಂತು ಬೆಳೆದ ನಮಗೆ ಈ ಮೌನ ಹೊಸದಲ್ಲ. ಹೊಸದಾಗಿ ತಿಳಿಯಬೇಕಾದದ್ದು ಬೇರೆ ಇದೆ. ಆ ಯುದ್ಧದಲ್ಲಿ ಸತ್ತವರ ದೇಹಗಳನ್ನು ಊರಿಗೆ ತರಬಾರದೆಂದು ಬ್ರಿಟನ್ ತೀರ್ಮಾನಿಸಿತ್ತು. ಫ್ರಾನ್ಸಿನಲ್ಲಿ ಸತ್ತವನನ್ನು ಅಲ್ಲೇ ಹೂಳಿದರು; ಎಷ್ಟೋ ಜನರ ದೇಹ ಸಿಗಲೇ ಇಲ್ಲ. ತಾಯಂದಿರಿಗೆ ಹೂವಿಡಲು ಸಮಾಧಿ ಇರಲಿಲ್ಲ. ಅದಕ್ಕೇ ಹಳ್ಳಿಗಳು ತಾವೇ ಚಂದಾ ಎತ್ತಿ ಚರ್ಚಿನ ಅಂಗಳದಲ್ಲೋ ಊರ ನಡುವಿನ ಹುಲ್ಲುಬಯಲಲ್ಲೋ ಕಲ್ಲು ನಿಲ್ಲಿಸಿ ಹೆಸರು ಕೆತ್ತಿಸಿದವು. ತುರು ಕಾಯುತ್ತ ಸತ್ತವನಿಗೆ ಊರಬಾಗಿಲಲ್ಲಿ ವೀರಗಲ್ಲು ನಿಲ್ಲಿಸಿದ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವೀರಗಲ್ಲಿನ ಮೇಲಿನ ಪಟ್ಟಿಕೆಯಲ್ಲಿ ವೀರ ಲಿಂಗದ ಮುಂದೆ ಕೂತಿರುತ್ತಾನೆ. ಇಲ್ಲಿನ ಕಲ್ಲಿನಲ್ಲಿ ಸಾಮಾನ್ಯವಾಗಿ ಒಂದು ಶಿಲುಬೆ, ಕೆಳಗೆ ಹೆಸರುಗಳು. ಒಂದೇ ಮನೆತನದ ಹೆಸರು ಎರಡು ಮೂರು ಸಲ ಬಂದರೆ ಅಣ್ಣತಮ್ಮಂದಿರೋ ದಾಯಾದಿಗಳೋ ಇರಬೇಕು. ಆ ಮನೆತನದವರು ಈಗಲೂ ನಿಮ್ಮ ಬೀದಿಯಲ್ಲೇ ಇರಬಹುದು.

ಇನ್ನು ಹೋಗುವ ಬಗೆ. ಸೇವೆ ಎರಡು ರೀತಿ ನಡೆಯುತ್ತದೆ. ಕೆಲವು ಹಳ್ಳಿಗಳಲ್ಲಿ ಹತ್ತು ಗಂಟೆಯ ಸುಮಾರಿಗೆ ಚರ್ಚಿನೊಳಗೆ ಆರಂಭವಾಗಿ, 10:50ಕ್ಕೆ ಎಲ್ಲರೂ ಸ್ಮಾರಕಕ್ಕೆ ನಡೆದು ಬರುತ್ತಾರೆ. ಇನ್ನು ಕೆಲವೆಡೆ 10:45ಕ್ಕೆ ಸ್ಮಾರಕದ ಬಳಿ ಸೇರಿ, ಮೌನ ಮುಗಿದ ಮೇಲೆ ಒಳಗೆ ಹೋಗುತ್ತಾರೆ. ನಿಮ್ಮ ಊರಿನದು ಯಾವುದೆಂದು ಹಿಂದಿನ ವಾರವೇ ಫಲಕ ನೋಡಿ. ಒಬ್ಬ ಪಾದ್ರಿ ನಾಲ್ಕೈದು ಹಳ್ಳಿಗಳನ್ನು ನೋಡಿಕೊಳ್ಳುವ ಕಡೆ ಕೆಲವು ಚರ್ಚುಗಳಲ್ಲಿ ಸೇವೆ ಬೇರೆ ಹೊತ್ತಿಗೆ ಇರುತ್ತದೆ. ಸ್ಮಾರಕದ ಸುತ್ತಲಿನ ರಸ್ತೆಯನ್ನು ಸ್ವಲ್ಪ ಹೊತ್ತು ಮುಚ್ಚುವುದುಂಟು, ಆದ್ದರಿಂದ ಕಾರನ್ನು ದೂರದಲ್ಲೇ ಬಿಟ್ಟು ನಡೆಯಿರಿ. ನಮ್ಮ ಮದುವೆ ಮನೆಗಳ ಲೆಕ್ಕದಲ್ಲಿ ‘ಹನ್ನೊಂದಕ್ಕೆ’ ಎಂದರೆ ಹನ್ನೊಂದೂವರೆಯೂ ನಡೆಯುತ್ತದೆ. ಇಲ್ಲಿ 11 ಗಂಟೆ ಎಂದರೆ ಗಂಟೆಯ ಮೊದಲ ಹೊಡೆತ. ತಡವಾಗಿ ಬಂದು ನೋಡಿದಾಗ ಜನ ತಲೆ ತಗ್ಗಿಸಿ ನಿಂತಿದ್ದರೆ, ನೀವು ಎಲ್ಲಿದ್ದೀರೋ ಅಲ್ಲೇ ನಿಂತುಬಿಡಿ. ಗುಂಪು ಸೇರಿಕೊಳ್ಳಲು ಎರಡು ಹೆಜ್ಜೆ ಇಟ್ಟರೂ ಆ ನಿಶ್ಶಬ್ದದಲ್ಲಿ ಜಲ್ಲಿಯ ಮೇಲಿನ ಸದ್ದು ಎಲ್ಲರಿಗೂ ಕೇಳುತ್ತದೆ.

ಬಟ್ಟೆ ಗಾಢ ಬಣ್ಣದ್ದಿರಲಿ, ಅದಕ್ಕಿಂತ ಮುಖ್ಯವಾಗಿ ಬೆಚ್ಚಗಿರಲಿ. ನವೆಂಬರಿನ ಒದ್ದೆ ಗಾಳಿಯಲ್ಲಿ ಅರ್ಧ ಗಂಟೆ ಅಲುಗಾಡದೆ ನಿಲ್ಲುವುದು ನಡೆದಾಡಿದ ಹಾಗಲ್ಲ, ಚಳಿ ಪಾದದಿಂದ ಏರುತ್ತದೆ. ಸೀರೆ ಉಡುವವರು ಉದ್ದ ಕೋಟು ಹಾಕಿಕೊಂಡು ನೆರಿಗೆಯನ್ನು ಎರಡು ಬೆರಳಿನಷ್ಟು ಮೇಲೆತ್ತಿ ಉಡಿ. ಚರ್ಚಿನ ಅಂಗಳದ ಹುಲ್ಲು ನೆನೆದಿರುತ್ತದೆ. ಬಾಗಿಲಲ್ಲಿ ಚಪ್ಪಲಿ ಬಿಡಲು ಕಾಲು ತಾನಾಗಿ ತಡೆಯುತ್ತದೆ. ಬಿಡಬೇಡಿ, ಬೂಟು ಹಾಕಿಕೊಂಡೇ ಒಳಗೆ ಹೋಗುವುದು. ಗಂಡಸರು ಉಲ್ಲನ್ ಟೋಪಿ ತೆಗೆಯಬೇಕು, ಸ್ಮಾರಕದ ಬಳಿಯ ಮೌನದಲ್ಲೂ ಅಷ್ಟೆ. ಪೇಟ ಧಾರ್ಮಿಕವಾದದ್ದಾದರೆ ಯಾರೂ ಏನೂ ಕೇಳುವುದಿಲ್ಲ.

ಕೆಂಪು ಹೂವಿಗೆ ಬೆಲೆಯಿಲ್ಲ. ಡಬ್ಬಿಗೆ ನಿಮಗೆ ತೋಚಿದಷ್ಟು ಹಾಕಿ ಒಂದನ್ನು ತೆಗೆದುಕೊಳ್ಳುವುದು. ಹಣ 1921ರಲ್ಲಿ ಸ್ಥಾಪನೆಯಾದ ರಾಯಲ್ ಬ್ರಿಟಿಷ್ ಲೀಜನ್ ಮೂಲಕ ಸೈನಿಕರಿಗೂ ಅವರ ಕುಟುಂಬಗಳಿಗೂ ಸಲ್ಲುತ್ತದೆ. ಹೂವನ್ನು ಎದೆಯ ಎಡಗಡೆ ಸಿಕ್ಕಿಸುವುದು ವಾಡಿಕೆ. ಪಿನ್ನನ್ನು ಬಟ್ಟೆಯಲ್ಲಿ ಎರಡು ಕಡೆ ತೂರಿಸಿ ಹೊರತೆಗೆಯಿರಿ. ಒಂದೇ ಕಡೆ ಚುಚ್ಚಿದರೆ ಕಾರಿನ ಬೆಲ್ಟಿಗೆ ಸಿಕ್ಕಿ ಹೂವು ಉದುರುತ್ತದೆ, ಪಿನ್ ಮಗುವಿನ ಸೀಟಿನಲ್ಲಿ ಉಳಿಯುತ್ತದೆ.

ಒಳಗೆ ಮುಂದಿನ ಸಾಲುಗಳು ಹೂಚಕ್ರ ಇಡುವವರಿಗೆ, ಸಮವಸ್ತ್ರದವರಿಗೆ. ನಡುವೆ ಅಥವಾ ಹಿಂದೆ ಕೂರಿ. ಬಾಗಿಲಲ್ಲಿ ಕೊಡುವ ಹಾಳೆಯಲ್ಲಿ ದಪ್ಪಕ್ಷರದಲ್ಲಿರುವುದು ಸಭೆ ಹೇಳುವ ಮಾತು, ಉಳಿದದ್ದು ಪಾದ್ರಿಯದು. ಮಂಗಳೂರು, ಧಾರವಾಡದ ಕಡೆ ಪ್ರೊಟೆಸ್ಟೆಂಟ್ ಮನೆಗಳಲ್ಲಿ ಬೆಳೆದವರಿಗೆ ಇದೆಲ್ಲ ಗೊತ್ತಿದ್ದದ್ದೇ. ಉಳಿದವರು ಎಲ್ಲರೂ ಎದ್ದಾಗ ಎದ್ದು, ಕೂತಾಗ ಕೂತರೆ ಸಾಕು. ಪ್ರಾರ್ಥನೆ ಹೇಳಲೇಬೇಕೆಂದಿಲ್ಲ, ಸುಮ್ಮನೆ ನಿಂತಿರುವುದು ಅಗೌರವವಲ್ಲ. ರೊಟ್ಟಿ, ದ್ರಾಕ್ಷಾರಸದ ಸಂಸ್ಕಾರ ಇದ್ದರೆ ಕೂತಲ್ಲೇ ಇರಿ; ಪ್ರಸಾದವೆಂದು ಕೈಯೊಡ್ಡುವುದು ಬೇಡ. ಕಾಲಬಳಿಯ ಕಸೂತಿಯ ದಿಂಬು ಮಂಡಿಯೂರಲು ಇಟ್ಟದ್ದು, ಮಕ್ಕಳು ಬೂಟುಗಾಲು ಇಡದಂತೆ ನೋಡಿಕೊಳ್ಳಿ. ಊರಿನ ಹೆಂಗಸರೇ ವರ್ಷಗಟ್ಟಲೆ ಕೂತು ಹೊಲಿದ ಕೆಲಸ ಅದು.

ಸ್ಮಾರಕದ ಬಳಿ ಅನುಕ್ರಮ ಹೆಚ್ಚುಕಡಿಮೆ ಹೀಗಿರುತ್ತದೆ. ಹೆಸರುಗಳನ್ನು ಓದುತ್ತಾರೆ. ಒಬ್ಬರು 1914ರ ಒಂದು ಕವಿತೆಯ ನಾಲ್ಕು ಸಾಲು ಹೇಳುತ್ತಾರೆ. ಅದರ ಕೊನೆಯ ಮಾತನ್ನು ಎಲ್ಲರೂ ಮತ್ತೆ ಹೇಳಬೇಕು: ‘ವಿ ವಿಲ್ ರಿಮೆಂಬರ್ ದೆಮ್’. ಬ್ಯೂಗಲ್‌ನಲ್ಲಿ ‘ಲಾಸ್ಟ್ ಪೋಸ್ಟ್’ ಕೇಳಿಸುತ್ತದೆ, ಧ್ವಜಗಳು ನೆಲ ಮುಟ್ಟುವಂತೆ ಬಾಗುತ್ತವೆ. ಆಮೇಲೆ ಎರಡು ನಿಮಿಷದ ಮೌನ. ಮೌನ ಮುಗಿದದ್ದು ಬ್ಯೂಗಲ್ ಮತ್ತೆ ‘ರೆವೆಲಿ’ ನುಡಿಸಿದಾಗ, ಅಲ್ಲಿಯವರೆಗೆ ಗಡಿಯಾರ ನೋಡಬೇಡಿ. ಬ್ಯೂಗಲ್ ಎಷ್ಟೇ ಚೆನ್ನಾಗಿ ನುಡಿಸಿದರೂ ಚಪ್ಪಾಳೆ ಇಲ್ಲ. ಎಲ್ಲ ಸಭೆಯಲ್ಲೂ ಚಪ್ಪಾಳೆ ತಟ್ಟಿ ರೂಢಿಯಾದ ನಮ್ಮ ಕೈ ಇಲ್ಲಿ ಎಡವುತ್ತದೆ. ಫೋನನ್ನು ಸೈಲೆಂಟ್‌ಗೆ ಹಾಕಿದರೆ ಸಾಲದು, ಕೆಲವು ಫೋನುಗಳಲ್ಲಿ ಅಲಾರಂ ಆಗಲೂ ಹೊಡೆಯುತ್ತದೆ. ಪೂರ್ತಿ ಆರಿಸಿ. ‘ಹ್ಯಾಪಿ’ ಸೇರಿಸಿ ಯಾರಿಗೂ ಶುಭಾಶಯ ಹೇಳಬೇಡಿ. ಅದು ತಿಥಿಮನೆಗೆ ಹೋಗಿ ಹಬ್ಬದ ಶುಭಾಶಯ ಹೇಳಿದ ಹಾಗೆ.

ಮಕ್ಕಳು ಸ್ಕೌಟ್, ಗೈಡ್‌ಗಳ ಚಿಕ್ಕವರ ತಂಡಗಳಾದ ಕಬ್ಸ್, ಬ್ರೌನೀಸ್‌ನಲ್ಲಿದ್ದರೆ ಅವರು ಮೆರವಣಿಗೆಯಲ್ಲಿ ಬರುತ್ತಾರೆ. ಸೇರಿಸುವ ಕೆಲಸ ಆನ್‌ಲೈನಿನಲ್ಲೇ ಮುಗಿಯುತ್ತದೆ, ಕಾಯುವ ಪಟ್ಟಿ ಉದ್ದವಿರುತ್ತದೆ, ಬೇಗ ಹೆಸರು ಕೊಡಿ. ಆ ದಿನ ಸಮವಸ್ತ್ರದ ಒಳಗೆ ಎರಡು ಪದರ ಬೆಚ್ಚನೆ ಬಟ್ಟೆ ಹಾಕಿ. ದೇವಸ್ಥಾನಕ್ಕೆ ಹೊರಟ ಹಾಗೆ ಬರಿಹೊಟ್ಟೆಯಲ್ಲಿ ಕಳಿಸುವ ಅಭ್ಯಾಸ ಬೇಡವೇ ಬೇಡ. ಮಂಡಿ ಬಿಗಿಹಿಡಿದು ನೆಟ್ಟಗೆ ನಿಂತ ಹಸಿದ ಮಗು ತಲೆಸುತ್ತಿ ಬೀಳುತ್ತದೆ. ಉಪ್ಪಿಟ್ಟೋ ದೋಸೆಯೋ ಹೊಟ್ಟೆತುಂಬ ತಿನ್ನಿಸಿ, ಮಂಡಿಯನ್ನು ಸ್ವಲ್ಪ ಸಡಿಲ ಬಿಟ್ಟು, ಬೂಟಿನೊಳಗೆ ಬೆರಳು ಆಡಿಸುತ್ತಿರಲು ಹೇಳಿಕೊಡಿ. ತೀರ ಚಿಕ್ಕ ಮಕ್ಕಳಿದ್ದರೆ ಗುಂಪಿನ ಅಂಚಿನಲ್ಲಿ ನಿಲ್ಲಿ. ಮಗು ಅತ್ತರೆ ಯಾರೂ ಬೇಸರಪಡುವುದಿಲ್ಲ, ನೀವು ಕಂಗಾಲಾಗಬೇಡಿ. ನಮ್ಮ ಮಕ್ಕಳಿಗೆ ಈ ಹೆಸರುಗಳು ಬೇಗ ಬಾಯಿಪಾಠವಾಗುತ್ತವೆ. ತಮ್ಮ ಮುತ್ತಜ್ಜನ ಹೆಸರು ಅದೇ ಮಕ್ಕಳಿಗೆ ಗೊತ್ತಿರುವುದಿಲ್ಲ. ಅದು ಮಕ್ಕಳ ತಪ್ಪಲ್ಲ, ನಾವು ಹೇಳಿರುವುದಿಲ್ಲ.

ಸಾಮ್ರಾಜ್ಯದ ಯುದ್ಧಕ್ಕೆ ನಾವೇಕೆ ತಲೆಬಾಗಬೇಕು ಎಂಬ ಪ್ರಶ್ನೆ ಬಹಳ ಮಂದಿಗಿದೆ. ಅದು ನ್ಯಾಯವಾದ ಪ್ರಶ್ನೆ. 1942ರಲ್ಲಿ ಈಸೂರು ಬ್ರಿಟಿಷರ ವಿರುದ್ಧ ಸಿಡಿದೆದ್ದದ್ದು ಎರಡನೇ ಮಹಾಯುದ್ಧದ ನಡುವೆ. ಹೂವು ಧರಿಸುವುದು ಕಡ್ಡಾಯವಲ್ಲ. ಬೇಡವೆನಿಸಿದರೆ ಧರಿಸದೆಯೇ ಹೋಗಿ ನಿಲ್ಲಬಹುದು. ಆದರೆ ಆ ಯುದ್ಧಗಳು ಅವರದಷ್ಟೇ ಎಂದುಕೊಂಡರೆ ನಮ್ಮವರನ್ನು ನಾವೇ ಅಳಿಸಿದಂತೆ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ನಗರವನ್ನು ಗೆದ್ದವರಲ್ಲಿ ಜೋಧ್‌ಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಇದ್ದರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸವಾರರದು. ಮೌನದ ನಂತರ ಅನೇಕ ಕಡೆ ಓದುವ ‘ಕೊಹಿಮಾ’ ಸಾಲುಗಳು ನಾಗಾಲ್ಯಾಂಡಿನ ಕೊಹಿಮಾದ ಸ್ಮಾರಕದಿಂದ ಬಂದವು. 1944ರಲ್ಲಿ ಅಲ್ಲಿ ಯುದ್ಧ ನಡೆಯಿತು. ಅಲ್ಲಿನ ಯುದ್ಧ ಸ್ಮಶಾನದಲ್ಲಿ, ದಹನ ಮಾಡಿದ 900ಕ್ಕೂ ಹೆಚ್ಚು ಹಿಂದೂ, ಸಿಖ್ ಸೈನಿಕರ ಹೆಸರುಗಳಿವೆ. ಇಂಗ್ಲೆಂಡಿನ ಹಳ್ಳಿಯಲ್ಲಿ ಆ ಸಾಲು ಕೇಳಿದಾಗ ಅದು ನಮ್ಮ ದೇಶದ ಬೆಟ್ಟದಿಂದ ಬಂದ ಮಾತೆಂದು ಮಕ್ಕಳ ಕಿವಿಯಲ್ಲಿ ಹೇಳಿ. ಮೌನ ಮುಗಿದ ಮೇಲೆ.

ಕನ್ನಡ ಕೂಟ ನಡೆಸುವವರಿಗೆ ಒಂದು ಮಾತು. ರಾಜ್ಯೋತ್ಸವಕ್ಕೆ ನವೆಂಬರಿನ ಭಾನುವಾರ ಹುಡುಕುವಾಗ ಎರಡನೆಯದನ್ನು ಬಿಟ್ಟುಬಿಡಿ. ಹಳ್ಳಿಯ ಸಭಾಂಗಣ ಅಂದು ಸೇವೆಯ ನಂತರದ ಚಹಾಕ್ಕೆ ಬೇಕಾಗುತ್ತದೆ. ನಾವು ಯುಗಾದಿಗೆ ಹೋಳಿಗೆ ಬಡಿಸುವ ಎಷ್ಟೋ ‘ಮೆಮೋರಿಯಲ್ ಹಾಲ್’ಗಳು ಯುದ್ಧದಲ್ಲಿ ಸತ್ತವರ ನೆನಪಿಗೇ ಕಟ್ಟಿದವು, ಗೋಡೆಯ ಮೇಲಿನ ಫಲಕ ಓದಿ ನೋಡಿ. ಬಲೂನು ಕಟ್ಟುವಾಗ ಆ ಫಲಕವನ್ನು ಮುಚ್ಚಬೇಡಿ. 2023ರಲ್ಲಿ ದೀಪಾವಳಿಯೂ ಈ ಭಾನುವಾರವೂ ನವೆಂಬರ್ 12ರಂದೇ ಬಿದ್ದವು. ಅಂಥ ವರ್ಷ ಪಟಾಕಿ ಸಂಜೆಗಿರಲಿ.

ಕೂಟದ ಪರವಾಗಿ ಹೂಚಕ್ರ ಇಡಬೇಕೆಂದರೆ ಸೆಪ್ಟೆಂಬರಿನಲ್ಲೇ ಪ್ಯಾರಿಷ್ ಕೌನ್ಸಿಲಿನ (ಇಲ್ಲಿನ ಗ್ರಾಮ ಪಂಚಾಯಿತಿ) ಕ್ಲರ್ಕಿಗೋ ಲೀಜನ್ ಶಾಖೆಗೋ ತಿಳಿಸಿ; ಇಡುವವರ ಸರದಿ ಮೊದಲೇ ಗೊತ್ತುಮಾಡಿರುತ್ತಾರೆ. ಹೆಸರು ಕರೆದಾಗ ನಿಧಾನವಾಗಿ ನಡೆದು, ಬಾಗಿ ಹೂಚಕ್ರವನ್ನು ಕಲ್ಲಿಗೆ ಒರಗಿಸಿ, ಎರಡು ಹೆಜ್ಜೆ ಹಿಂದೆ ಬಂದು ತಲೆ ಬಾಗಿಸಿ ಅಥವಾ ಕೈಮುಗಿದು, ಒಂದು ಉಸಿರಿನಷ್ಟು ನಿಂತು ಮರಳುವುದು. ಅರಿಸಿನ ಕುಂಕುಮ, ತೆಂಗಿನಕಾಯಿ, ಊದುಕಡ್ಡಿ ಬೇಡ. ಸುಣ್ಣಕಲ್ಲಿಗೆ ಅರಿಸಿನ ಹತ್ತಿದರೆ ಸುಲಭವಾಗಿ ಹೋಗುವುದಿಲ್ಲ.

ಕೊಡಗಿನವರ ಮನೆಗಳಲ್ಲಿ, ಇತರ ಸೈನಿಕ ಮನೆತನಗಳಲ್ಲಿ ಅಜ್ಜನ ಪದಕಗಳು ಪೆಟ್ಟಿಗೆಯಲ್ಲಿರುತ್ತವೆ. ಮುಂದಿನ ಸಲ ಊರಿಗೆ ಹೋದಾಗ ಕೇಳಿ ತನ್ನಿ. ಸ್ವಂತ ಪದಕ ಎದೆಯ ಎಡಕ್ಕೆ, ಹಿರಿಯರದು ಬಲಕ್ಕೆ ಎಂಬುದು ಇಲ್ಲಿನ ಕ್ರಮ. ಯುದ್ಧದಲ್ಲಿ ಸತ್ತ ಹಿರಿಯರ ಹೆಸರಷ್ಟೇ ಗೊತ್ತಿದ್ದರೆ, ಅಂಥವರ ಸಮಾಧಿ, ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಲ್ಲಿ ಹುಡುಕಿ. ಕಾಗುಣಿತ ಅಂದಿನ ಗುಮಾಸ್ತ ಕೇಳಿಸಿಕೊಂಡಂತೆ ಇರುತ್ತದೆ, ಆದ್ದರಿಂದ ಹೆಸರನ್ನು ನಾಲ್ಕೈದು ರೀತಿ ಬರೆದು ನೋಡಬೇಕು. ಕೆಲವು ದಾಖಲೆಗಳಲ್ಲಿ ತಂದೆಯ ಹೆಸರು, ಊರು ಸಿಗುತ್ತದೆ. ಸ್ಮಾರಕದ ಬುಡದ ಹುಲ್ಲಿನಲ್ಲಿ ಊರವರು ಚಿಕ್ಕ ಮರದ ಶಿಲುಬೆಗಳನ್ನು ನೆಡುತ್ತಾರೆ. ಲೀಜನ್ ಬಳಿ ಹಿಂದೂ, ಸಿಖ್, ಮುಸ್ಲಿಂ ಗುರುತಿನವೂ, ಯಾವ ಧರ್ಮದ ಗುರುತೂ ಇಲ್ಲದವೂ ಇವೆ. ಚರ್ಚಿನ ಉಸ್ತುವಾರಿ ನೋಡುವ ಚರ್ಚ್‌ವಾರ್ಡನ್‌ರನ್ನು ಕೇಳಿ ಒಂದನ್ನು ನೆಡಿ. ಮೇಲೆ ಅಜ್ಜನ ಹೆಸರು ಕನ್ನಡದಲ್ಲಿ, ಕೆಳಗೆ ಅದೇ ಹೆಸರು, ಪಡೆ, ವರ್ಷ ಇಂಗ್ಲಿಷಿನಲ್ಲಿ. ಶಾಯಿ ಪೆನ್ನು ಬೇಡ, ಒಂದೇ ರಾತ್ರಿಯ ಮಳೆಗೆ ಅಕ್ಷರ ಕದಡಿಹೋಗುತ್ತದೆ. ಪರ್ಮನೆಂಟ್ ಮಾರ್ಕರಿನಲ್ಲಿ ಬರೆದು, ಹಿಂದಿನ ದಿನವೇ ಒಣಗಲು ಬಿಡಿ.