ಕಾಲು ತಾಸಿನ ಲೆಕ್ಕ: ತರಿಹಾಳದ ಮಷಿನ್ ಶಾಪಿನಲ್ಲಿ ಕರೆಂಟ್ ಅಳೆದ ನನ್ನ ಅನುಭವ

ಎಚ್‌ಟಿ, ಅಂದರೆ ಹೈ ಟೆನ್ಶನ್ ಲೈನಿನ ಕಾರ್ಖಾನೆಗೆ ಬರುವ ಕರೆಂಟ್ ಬಿಲ್‌ನಲ್ಲಿ ಗರಿಷ್ಠ ಬೇಡಿಕೆ ಅಂತ ಒಂದು ಸಾಲು ಇರುತ್ತದೆ. ಅದರ ಮುಂದೆ ಕೆವಿಎ (ಲೈನಿನಿಂದ ಎಳೆಯುವ ಒಟ್ಟು ಶಕ್ತಿಯ ಅಳತೆ) ಲೆಕ್ಕದಲ್ಲಿ ಒಂದೇ ಅಂಕಿ. ಇಡೀ ತಿಂಗಳಲ್ಲಿ ಕಾರ್ಖಾನೆ ಎಲ್ಲಕ್ಕಿಂತ ಜಾಸ್ತಿ ಕರೆಂಟ್ ಎಳೆದ ಕಾಲು ತಾಸಿನದೋ ಅರ್ಧ ತಾಸಿನದೋ ಸರಾಸರಿ ಅದು. ತಿಂಗಳ ಬೇಡಿಕೆ ಶುಲ್ಕ ಅದರ ಮೇಲೆ ನಿಂತಿರುತ್ತದೆ. ಒಪ್ಪಂದದ ಮಿತಿ ದಾಟಿದರೆ, ದಾಟಿದ ಭಾಗಕ್ಕೆ ದುಪ್ಪಟ್ಟು ದರ. ಆದರೆ ಅದು ಯಾವ ದಿನ ಬಂತು, ಎಷ್ಟು ಗಂಟೆಗೆ ಬಂತು, ಯಾವ ಯಂತ್ರದಿಂದ ಬಂತು ಅನ್ನೋದು ಬಿಲ್‌ನಲ್ಲಿ ಎಲ್ಲೂ ಸಿಗುವುದಿಲ್ಲ.

ಹುಬ್ಬಳ್ಳಿಯ ತರಿಹಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಮಷಿನ್ ಶಾಪಿನಲ್ಲಿ ನಾನು ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ವಾಲ್ವ್‌ನ ಭಾಗಗಳನ್ನು ಕೊರೆದು, ಬೆಸೆದು ಕೊಡುವ ಕೆಲಸ ನಮ್ಮದು. 11 ಕೆವಿ ಲೈನ್, ನಮ್ಮದೇ ಟ್ರಾನ್ಸ್‌ಫಾರ್ಮರ್, ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಗಳು, ಒಂದು ಸ್ಕ್ರೂ ಕಂಪ್ರೆಸರ್, 60 ಕಿಲೋವ್ಯಾಟ್‌ನ ಒಂದು ಎಲೆಕ್ಟ್ರಿಕ್ ಫರ್ನೇಸ್. ಡಿಜಿಟಲ್ ಕಾರ್ಖಾನೆ ಅಂದ ಕೂಡಲೇ ರೋಬೋಟ್, ದೊಡ್ಡ ಪರದೆ ಅಂತ ಎಲ್ಲರೂ ಯೋಚಿಸುತ್ತಾರೆ. ನಮ್ಮಂಥ ಶಾಪಿಗೆ ಅದು ಕರೆಂಟಿನಿಂದ ಶುರುವಾಗಬೇಕು ಅಂತ ನನಗೆ ಅನಿಸಿತು. ಯಾಕಂದರೆ ಪ್ರತಿ ಯಂತ್ರವೂ ದಿನವಿಡೀ ಏನು ಮಾಡಿತು ಅನ್ನೋದನ್ನು ಅದರ ಕೇಬಲ್ ಹೇಳುತ್ತದೆ. ಓದುವವರು ಬೇಕು, ಅಷ್ಟೇ.

ಏನನ್ನೂ ಖರೀದಿಸದೆ ಮಾಡಬಹುದಾದ ಕೆಲಸ ಒಂದಿದೆ. ಎಚ್‌ಟಿ ಮೀಟರ್ ತನ್ನೊಳಗೆ ಹೊತ್ತುಹೊತ್ತಿನ ಲೋಡ್ ಬರೆದಿಟ್ಟುಕೊಳ್ಳುತ್ತದೆ. ಇದಕ್ಕೆ ಲೋಡ್ ಸರ್ವೇ ಅನ್ನುತ್ತಾರೆ. ಅದನ್ನು ಮೀಟರ್‌ನ ಆಪ್ಟಿಕಲ್ ಪೋರ್ಟಿನಿಂದ ಇಳಿಸಿಕೊಳ್ಳಬಹುದು. ವಿದ್ಯುತ್ ಕಂಪನಿಗೆ ಲಿಖಿತ ಅರ್ಜಿ ಕೊಟ್ಟು ಆ ಮಾಹಿತಿ ತರಿಸಿಕೊಂಡೆ. ಎಕ್ಸೆಲ್‌ನಲ್ಲಿ ಹಾಕಿ ನೋಡಿದಾಗ, ನಮ್ಮ ಗರಿಷ್ಠ ಬೇಡಿಕೆ ಬಹುತೇಕ ಸೋಮವಾರ ಬೆಳಿಗ್ಗೆ ಎಂಟೂವರೆ ದಾಟಿದ ಮೇಲೆ ಬರುತ್ತಿತ್ತು. ದಿನ ಗೊತ್ತಾಯಿತು, ಹೊತ್ತು ಗೊತ್ತಾಯಿತು. ಯಂತ್ರ ಯಾವುದು ಅಂತ ಇನ್ನೂ ಗೊತ್ತಾಗಲಿಲ್ಲ. ಅದಕ್ಕೆ ಪ್ಯಾನಲ್ ಒಳಗೆ ಇಳಿಯಬೇಕಾಯಿತು.

ಪ್ರತಿ ದೊಡ್ಡ ಫೀಡರಿಗೂ, ಅಂದರೆ ಪ್ಯಾನಲಿನಿಂದ ಯಂತ್ರಕ್ಕೆ ಕರೆಂಟ್ ಒಯ್ಯುವ ಲೈನಿಗೂ, ಒಂದು ಮಲ್ಟಿಫಂಕ್ಷನ್ ಮೀಟರ್ ಹಾಕಿದೆವು. ಕೇಬಲ್ ಬಿಚ್ಚದೆ ಸುತ್ತ ಕೂರಿಸುವ, ಎರಡು ಹೋಳಾಗುವ ಸಿಟಿ (ಕರೆಂಟ್ ಅಳೆಯುವ ಉಂಗುರದಂಥ ಪುಟ್ಟ ಟ್ರಾನ್ಸ್‌ಫಾರ್ಮರ್) ಸಿಗುತ್ತವೆ. ಹಳೆಯ ಪ್ಯಾನಲಿಗೆ ಅವೇ ಸರಿ. ಆದರೂ ಸಪ್ಲೈ ಬಂದ್ ಮಾಡಿಯೇ ಹಾಕಿ. ಲೋಡ್ ಹರಿಯುತ್ತಿರುವಾಗ ಸಿಟಿಯ ಸೆಕೆಂಡರಿ ತೆರೆದರೆ ಅಲ್ಲಿ ಏಳುವ ವೋಲ್ಟೇಜ್ ಜೀವಕ್ಕೇ ಅಪಾಯ. ಸಿಟಿಯ ಮೇಲಿನ ಬಾಣದ ಗುರುತು ಲೋಡ್ ಕಡೆಗಿರಬೇಕು. ಒಂದು ಫೇಸ್‌ನದು ತಿರುವಾದರೆ ಆ ಫೇಸ್‌ನ ಕಿಲೋವ್ಯಾಟ್ ಮೈನಸ್ ತೋರಿಸಿ ಒಟ್ಟು ಲೆಕ್ಕ ಮೂರನೇ ಒಂದಕ್ಕೆ ಬೀಳುತ್ತದೆ. ಆದ್ದರಿಂದ ಮೂರೂ ಫೇಸ್‌ಗಳನ್ನು ಬೇರೆಬೇರೆಯಾಗಿ ಓದಿ ನೋಡಿದ ಮೇಲೇ ಪ್ಯಾನಲ್ ಬಾಗಿಲು ಮುಚ್ಚಬೇಕು.

ಈ ಮೀಟರುಗಳು ಆರ್‌ಎಸ್‌-485 ಕೇಬಲ್ ಮೇಲೆ ಮೋಡ್‌ಬಸ್ ಭಾಷೆ ಮಾತಾಡುತ್ತವೆ. ಕೇಬಲ್ ಒಂದು ಮೀಟರಿನಿಂದ ಮುಂದಿನದಕ್ಕೆ ಸಾಲಾಗಿ ಹೋಗಬೇಕು, ಮರದ ಟೊಂಗೆಯಂತೆ ಕವಲೊಡೆಯಬಾರದು. ಸಾಲಿನ ಎರಡೂ ತುದಿಗೆ 120 ಓಮ್ ರೆಸಿಸ್ಟರ್ ಬೇಕು. ಶೀಲ್ಡ್‌ಗೆ ಒಂದೇ ಕಡೆ ಅರ್ಥಿಂಗ್. ಮೋಟಾರಿನ ವೇಗ ಹಿಡಿತದಲ್ಲಿಡುವ ಡ್ರೈವ್‌ಗಳ ಪವರ್ ಕೇಬಲ್ ಹೋಗುವ ಟ್ರೇಯಲ್ಲಿ ಇದನ್ನು ಎಳೆಯಲೇಬಾರದು. ನಮ್ಮ ಶಾಪಿನಲ್ಲಿ ಡ್ರೈವ್‌ಗಳು ಜಾಸ್ತಿ, ಹಾಗಾಗಿ ಗೋಡೆಯ ಇನ್ನೊಂದು ಬದಿಗೆ ಬೇರೆ ಪೈಪ್ ಹಾಕಿಸಿದೆ. ಮಾಹಿತಿ ಹರಿಯುವ ಸ್ಪೀಡನ್ನು ಸೆಕೆಂಡಿಗೆ 9600 ಬಿಟ್‌ಗೇ ಇಟ್ಟೆ. ಒಂದೊಂದು ಮೀಟರನ್ನು ಕೆಲವು ಸೆಕೆಂಡಿಗೊಮ್ಮೆ ಓದಿದರೆ ಸಾಕಾಗುವಾಗ ವೇಗಕ್ಕೆ ಆಸೆ ಪಡುವುದು ಯಾಕೆ? ಈ ಕೇಬಲ್ ಕೆಲಸಕ್ಕೆ ಕೊಟ್ಟ ಸಮಯ ಎಂದೂ ವ್ಯರ್ಥ ಅಲ್ಲ. ತಂತಿ ಸರಿ ಇಲ್ಲದಿದ್ದರೆ ಮೇಲಿನ ಸಾಫ್ಟ್‌ವೇರ್ ಎಷ್ಟೇ ಚೆನ್ನಾಗಿದ್ದರೂ ಮಾಹಿತಿಯಲ್ಲಿ ತೂತು ಬೀಳುತ್ತವೆ.

ಕೊನೆಯಲ್ಲಿ ಒಂದು ಗೇಟ್‌ವೇ, ಅಂದರೆ ಮೀಟರುಗಳ ಮಾಹಿತಿಯನ್ನು ಇಂಟರ್ನೆಟ್‌ಗೆ ದಾಟಿಸುವ ಪೆಟ್ಟಿಗೆ. ಇಂಟರ್ನೆಟ್ ಹೋದಾಗ ಮಾಹಿತಿಯನ್ನು ತನ್ನಲ್ಲೇ ಇಟ್ಟುಕೊಂಡು, ಬಂದ ಮೇಲೆ ಕಳಿಸುವಂಥದ್ದನ್ನೇ ಆರಿಸಿಕೊಳ್ಳಿ. ಅದರ ಗಡಿಯಾರ ಸರಿ ಇದೆಯಾ ನೋಡಿ. ನಮ್ಮ ಕಾಲು ತಾಸು ಮತ್ತು ಬಿಲ್ ಮೀಟರಿನ ಕಾಲು ತಾಸು ಒಂದೇ ಹೊತ್ತಿಗೆ ಶುರುವಾಗದಿದ್ದರೆ ಎರಡು ಲೆಕ್ಕಗಳು ಎಂದೂ ಕೂಡುವುದಿಲ್ಲ. ಗೇಟ್‌ವೇಯ ಜೊತೆ ಬಂದ ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿ, ಅದನ್ನು ಆಫೀಸಿನ ವೈಫೈಯಿಂದ ದೂರವಿಡಿ.

ಸೋಮವಾರದ ಕಥೆ ಬೇಗ ಬಿಡಿಸಿಕೊಂಡಿತು. ರಜೆಯಿಂದ ತಣ್ಣಗಾದ ಫರ್ನೇಸ್ ಪೂರ್ತಿ ಲೋಡ್ ಎಳೆಯುತ್ತಿತ್ತು. ಅದೇ ಹೊತ್ತಿಗೆ ಕಂಪ್ರೆಸರ್ ಪೂರ್ತಿ ಲೋಡಿನಲ್ಲಿ ಓಡುತ್ತಿತ್ತು. ಅದೇ ಹೊತ್ತಿಗೆ ಸಿಎನ್‌ಸಿಗಳ ತಿರುಗುವ ದಂಡಗಳ, ಅಂದರೆ ಸ್ಪಿಂಡಲ್‌ಗಳ ವಾರ್ಮಪ್. ಯಂತ್ರಗಳನ್ನು ಸ್ವಲ್ಪ ಹೊತ್ತು ಬಿಟ್ಟು ಒಂದೊಂದಾಗಿ ಚಾಲೂ ಮಾಡುವ ಕ್ರಮವನ್ನು ಬರೆದು ಮೇನ್ ಪ್ಯಾನಲ್ ಪಕ್ಕ ಅಂಟಿಸಿದೆವು.

ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿದ್ದು ಭಾನುವಾರದ ಗ್ರಾಫ್. ಶಾಪ್ ಬಂದ್, ಆದರೂ ಕಂಪ್ರೆಸರ್ ಫೀಡರ್ ಏರುತ್ತಿತ್ತು, ಇಳಿಯುತ್ತಿತ್ತು. ಯಾರೂ ಗಾಳಿ ಬಳಸದಿದ್ದಾಗ ಕಂಪ್ರೆಸರ್ ಲೋಡ್ ತಗೋತಿದೆ ಅಂದರೆ ಅಷ್ಟೂ ಗಾಳಿ ಸೋರಿಕೆಗೇ ಹೋಗುತ್ತಿದೆ ಅಂತ ಅರ್ಥ. ನಿರ್ವಹಣೆ ಸರಿ ಇಲ್ಲದ ಕಾರ್ಖಾನೆಗಳಲ್ಲಿ ಉತ್ಪಾದನೆಯಾದ ಗಾಳಿಯ 20ರಿಂದ 30% ಹೀಗೆ ಸೋರುತ್ತದೆ ಅಂತ ಈ ಕ್ಷೇತ್ರದವರು ಲೆಕ್ಕ ಹಾಕುತ್ತಾರೆ. ಲೋಡ್ ಇಲ್ಲದೆ ಸುಮ್ನೆ ತಿರುಗುವಾಗಲೂ ಸ್ಕ್ರೂ ಕಂಪ್ರೆಸರ್ ಪೂರ್ತಿ ಲೋಡಿನ ಕಾಲು ಭಾಗದಷ್ಟು ಅಥವಾ ಅದಕ್ಕೂ ಜಾಸ್ತಿ ಕರೆಂಟ್ ತಿನ್ನುತ್ತದೆ. ಭಾನುವಾರ ಸದ್ದಿಲ್ಲದ ಶಾಪಿನಲ್ಲಿ ಸಾಬೂನು ನೀರು ಹಿಡಿದು ಲೈನ್ ಉದ್ದಕ್ಕೂ ನಡೆದೆವು. ಹೋಸ್ ಕ್ಲಾಂಪ್, ಡ್ರೈನ್ ವಾಲ್ವ್, ಏರ್ ಗನ್ನಿನ ಕಪ್ಲಿಂಗ್, ಎಲ್ಲ ಕಡೆ ಗುಳ್ಳೆ. ಅವನ್ನು ಸರಿಪಡಿಸಿದ ಮೇಲೆ ಲೈನಿನ ಕೊನೆಯ ಯಂತ್ರಕ್ಕೂ ಒತ್ತಡ ಚೆನ್ನಾಗಿ ಸಿಗತೊಡಗಿತು, ಹಾಗಾಗಿ ಕಂಪ್ರೆಸರಿನ ಒತ್ತಡದ ಸೆಟ್ಟಿಂಗ್ ಇಳಿಸಲು ಧೈರ್ಯ ಬಂತು. ಒಂದು ಬಾರ್ ಒತ್ತಡ ಇಳಿಸಿದರೆ ಸುಮಾರು 6ರಿಂದ 7% ವಿದ್ಯುತ್ ಉಳಿಯುತ್ತದೆ. ಈಗ ಶಿಫ್ಟ್ ಮುಗಿದ ಕೂಡಲೇ ಮೇನ್ ಏರ್ ವಾಲ್ವ್ ಮುಚ್ಚುವುದು ವಾಚ್‌ಮನ್ ಕೆಲಸದ ಪಟ್ಟಿಯಲ್ಲಿದೆ. ಇಡೀ ಯೋಜನೆಯಲ್ಲಿ ಬೇರೆ ಯಾವುದಕ್ಕೂ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಫಲ ಸಿಗಲಿಲ್ಲ.

ಫರ್ನೇಸ್ ವಿಷಯ ಅಷ್ಟು ಸಲೀಸಾಗಿರಲಿಲ್ಲ. ಬೆಸುಗೆ ಹಾಕಿದ ಭಾಗಗಳಲ್ಲಿ ಉಳಿಯುವ ಒತ್ತಡ ತೆಗೆಯಲು ಅವನ್ನು 620 ಡಿಗ್ರಿವರೆಗೆ ನಿಧಾನವಾಗಿ ಬಿಸಿ ಮಾಡಿ, ಅಲ್ಲೇ ಹಿಡಿದು, ನಿಧಾನವಾಗಿ ಆರಿಸುತ್ತೇವೆ. ಗ್ರಾಫ್ ನೋಡಿದರೆ ಬಿಸಿ ಏರುವಾಗ ಮಾತ್ರ ಭಾರೀ ಲೋಡ್. ಒಮ್ಮೆ ಮುಟ್ಟಿದ ಮೇಲೆ ಹಿಡಿದಿಡಲು ಸ್ವಲ್ಪವೇ ಸಾಕು. ತಾಸಿಗೆ 200 ಡಿಗ್ರಿಯಂತೆ ಏರಿಸಿದರೆ ಮೂರು ತಾಸು. ನಮ್ಮ ರಾಜ್ಯದ ಎಚ್‌ಟಿ ದರದಲ್ಲಿ ಸಂಜೆ 6ರಿಂದ ರಾತ್ರಿ 10ರವರೆಗೆ ಯೂನಿಟ್ ದುಬಾರಿ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅಗ್ಗ ಅನ್ನುವ ಕ್ರಮ ಬಹಳ ವರ್ಷ ನಡೆದುಬಂದಿತ್ತು. ಆ ಕ್ರಮದಲ್ಲಿ ಬೆಳಗಿನ ಜಾವ ಮೂರಕ್ಕೆ ಹಚ್ಚಿದರೆ ಅಗ್ಗದ ಹೊತ್ತಿನಲ್ಲೇ ಬಿಸಿ ಏರಿ, ಶಿಫ್ಟ್ ಶುರುವಾಗುವಾಗ ಲೋಡ್ ಇಳಿದಿರುತ್ತದೆ. ಕಾಗದದ ಮೇಲೆ ಎಲ್ಲ ಸರಿ.

ಫರ್ನೇಸ್ ನಡೆಸುವ ಹಿರಿಯರನ್ನು ನಾವೆಲ್ಲ ಕಾಕಾ ಅನ್ನುತ್ತೇವೆ. ಅವರು ಒಪ್ಪಲಿಲ್ಲ. ‘ಸರ, ಇದು ಬೆಂಕಿ ಕೆಲಸ ಐತಿ. ಮನಷ್ಯಾ ಇಲ್ದಾಗ ಹಚ್ಚೂದು ಬ್ಯಾಡ್ರಿ. ನಾಳೆ ಏನರ ಆದ್ರ ಯಾರ ಹೊಣಿ?’ ಅಂದರು.

‘ಕಾಕಾ, ನೀವು ಏನೇನು ಬೇಕು ಅಂತೀರಿ ಅದನ್ನೆಲ್ಲಾ ಮೊದಲ ಮಾಡೂಣು. ಆಮ್ಯಾಲೆ ನೀವ ಹೂಂ ಅಂದ್ರ ಹಚ್ಚೂಣು’ ಅಂದೆ.

ಅವರು ಹೇಳಿದ್ದೆಲ್ಲ ತೂಕದ ಮಾತು. ತಾಪಮಾನ ಅಳೆಯುವ ಥರ್ಮೋಕಪಲ್ ತುಂಡಾದರೆ ಹೀಟರ್ ತಾನೇ ಆಫ್ ಆಗಬೇಕು. ಮುಖ್ಯ ಕಂಟ್ರೋಲರ್ ಕೈಕೊಟ್ಟರೆ ಕಾಂಟ್ಯಾಕ್ಟರ್ (ಹೀಟರಿನ ಕರೆಂಟ್ ಕಡಿಯುವ ಸ್ವಿಚ್) ಬೀಳಿಸಲು ಬೇರೆ ಸೆನ್ಸರಿನ ಎರಡನೇ ಕಂಟ್ರೋಲರ್ ಇರಬೇಕು. ವಾಚ್‌ಮನ್‌ಗೆ ಕೆಂಪು ಬಟನ್ ಎಲ್ಲಿದೆ ಅಂತ ಕೈ ಹಿಡಿದು ತೋರಿಸಬೇಕು. ಎಲ್ಲ ಮಾಡಿದೆವು. ಮೊದಮೊದಲು ಕಾಕಾ ತಾವೇ ಮೂರಕ್ಕೆ ಎದ್ದು ಬಂದು ಪಕ್ಕದಲ್ಲಿ ಕೂತರು. ಈಗ ಮೊಬೈಲ್‌ನಲ್ಲಿ ತಾಪಮಾನದ ಗೆರೆ ನೋಡಿ, ‘ಇವತ್ತ ಬಾಗಲಾ ಸರಿ ಮುಚ್ಚಿಲ್ಲ’ ಅಂತ ಮನೆಯಿಂದಲೇ ಹೇಳುತ್ತಾರೆ. ಬಾಗಿಲ ಸೀಲ್ ಸಡಿಲಾದರೆ ಹಿಡಿದಿಡುವ ಹೊತ್ತಿನ ಕರೆಂಟ್ ಏರುತ್ತದೆ, ಅದನ್ನು ಗುರುತಿಸಿದ್ದು ಅವರೇ. ಮಾಹಿತಿ ಅನುಭವ ಇದ್ದವರ ಕೈಗೆ ಹೋದಾಗ ಏನಾಗುತ್ತದೆ ಅಂತ ನಾನು ಕಣ್ಣಾರೆ ಕಂಡೆ. ಡ್ಯಾಶ್‌ಬೋರ್ಡ್ ಮ್ಯಾನೇಜರ್ ರೂಮಿನಲ್ಲಷ್ಟೇ ಇದ್ದಿದ್ದರೆ ಇದು ಆಗುತ್ತಿರಲಿಲ್ಲ.

ಆಮೇಲೆ ಚಾವಣಿಗೆ ಸೋಲಾರ್ ಬಂತು. ಯೂನಿಟ್ ಕಡಿಮೆಯಾದವು, ಪವರ್ ಫ್ಯಾಕ್ಟರ್ (ಎಳೆದ ಒಟ್ಟು ಕೆವಿಎಯಲ್ಲಿ ನಿಜವಾಗಿ ಕೆಲಸ ಮಾಡುವ ಕಿಲೋವ್ಯಾಟ್‌ನ ಪಾಲು) ಕುಸಿಯಿತು. ಸೋಲಾರ್ ಹಾಕುವವರೆಲ್ಲ ಇದನ್ನು ಮೊದಲೇ ತಿಳಿದಿರಬೇಕು. ಶಾಪಿಗೆ 150 ಕಿಲೋವ್ಯಾಟ್ ಮತ್ತು 50 ಕೆವಿಎಆರ್ (ಮೋಟಾರುಗಳ ಕಾಂತಕ್ಷೇತ್ರಕ್ಕೆ ಬೇಕಾದ, ನೇರ ಕೆಲಸ ಮಾಡದ ಶಕ್ತಿ) ಬೇಕಿದೆ ಅನ್ನಿ. ಆಗ ಪವರ್ ಫ್ಯಾಕ್ಟರ್ 0.95. ಸೋಲಾರ್ 80 ಕಿಲೋವ್ಯಾಟ್ ಕೊಟ್ಟರೆ ಲೈನಿನಿಂದ ಬರುವುದು 70 ಕಿಲೋವ್ಯಾಟ್ ಮಾತ್ರ, ಆದರೆ 50 ಕೆವಿಎಆರ್ ಹಾಗೇ ಉಳಿಯುತ್ತದೆ. ಈಗ ಮೀಟರ್ ನೋಡುವ ಪವರ್ ಫ್ಯಾಕ್ಟರ್ 0.81. ಯಂತ್ರಗಳಲ್ಲಿ ಏನೂ ಬದಲಾಗಿಲ್ಲ, ದಂಡದ ಸಾಲು ಮಾತ್ರ ಬಿಲ್‌ಗೆ ಬರುತ್ತದೆ. ಈ ಕೆವಿಎಆರ್ ಒದಗಿಸುವ ಕೆಪಾಸಿಟರ್ ಪ್ಯಾನಲಿನ ಸಿಟಿ ಎಲ್ಲಿದೆ ನೋಡಿ. ಅದು ಸೋಲಾರ್ ಸೇರುವ ಜಾಗದ ಒಳಬದಿಗಿದ್ದರೆ ಅದಕ್ಕೆ ಈ ಬದಲಾವಣೆ ಕಾಣುವುದೇ ಇಲ್ಲ. ಅದನ್ನು ಲೈನಿನ ಕಡೆಗೆ ಸರಿಸಿದೆವು, ಇನ್ವರ್ಟರುಗಳಿಗೂ ಸ್ವಲ್ಪ ಕೆವಿಎಆರ್ ಕೊಡುವ ಸೆಟ್ಟಿಂಗ್ ಹಾಕಿಸಿದೆವು. ಡ್ರೈವ್‌ಗಳು ಕರೆಂಟಿನ ಅಲೆ ಕೆಡಿಸುವುದರಿಂದ, ಅಂದರೆ ಹಾರ್ಮೋನಿಕ್ಸ್‌ನಿಂದ, ಕೆಪಾಸಿಟರ್ ಊದಿಕೊಳ್ಳುವ ತೊಂದರೆ ಇದ್ದ ಕಡೆ 7% ರಿಯಾಕ್ಟರ್ ಸೇರಿಸಿದೆವು.

ಹೊತ್ತಿಗೊಂದು ದರ ಯಾಕೆ ಅಂತ ಶಾಪಿನ ಹುಡುಗರು ಕೇಳುತ್ತಾರೆ. ಗದಗ ಕಡೆ ಹೋದರೆ ಕಪ್ಪತಗುಡ್ಡದ ಗಾಳಿಯಂತ್ರಗಳು ಕಾಣುತ್ತವೆ ಅಲ್ವಾ? ಮಳೆಗಾಲದ ಗಾಳಿಗೆ ಅವು ಜೋರಾಗಿ ತಿರುಗುತ್ತವೆ, ಉಳಿದ ತಿಂಗಳು ಮಂಕಾಗುತ್ತವೆ. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಮಧ್ಯಾಹ್ನ ಸುರಿದುಕೊಡುತ್ತದೆ, ಸಂಜೆ ನಿಲ್ಲುತ್ತದೆ. ರಾಯಚೂರು-ಸೊಲ್ಲಾಪುರ 765 ಕೆವಿ ಲೈನ್ ಮೂಲಕ 2013ರ ಡಿಸೆಂಬರ್ 31ರಂದು ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್ ಜೊತೆ ಸೇರಿತು. ಅಂದಿನಿಂದ ಇಡೀ ದೇಶ ಒಂದೇ 50 ಹರ್ಟ್ಸ್‌ನಲ್ಲಿ ನಡೆಯುತ್ತಿದೆ. ದಿನವನ್ನು 15 ನಿಮಿಷದ 96 ತುಂಡು ಮಾಡಿ ಯಾರು ಎಷ್ಟು ಕೊಡಬೇಕು, ಎಷ್ಟು ತಗೋಬೇಕು ಅಂತ ಲೆಕ್ಕ ಹಾಕುತ್ತಾರೆ. ಹಿಂದೆ ಬೇಡಿಕೆಗೆ ತಕ್ಕಂತೆ ಕೇಂದ್ರಗಳನ್ನು ಏರಿಸಿ ಇಳಿಸಿದರೆ ಸಾಕಿತ್ತು. ಬಿಸಿಲು, ಗಾಳಿ ಹಾಗೆ ಮಾತು ಕೇಳುವುದಿಲ್ಲ. ಆದ್ದರಿಂದ ಬಳಸುವವರೂ ಸ್ವಲ್ಪ ಸರಿದುಕೊಳ್ಳಬೇಕು. ಸ್ಮಾರ್ಟ್ ಗ್ರಿಡ್ ಅಂದರೆ ನನ್ನ ಲೆಕ್ಕದಲ್ಲಿ ಇದೇ. ಕಂಬದ ಆ ಬದಿಯ ಉಪಕರಣ ಎಷ್ಟು ಮುಖ್ಯವೋ, ಈ ಬದಿಯಲ್ಲಿ ಫರ್ನೇಸನ್ನು ಸರಿಸಬಲ್ಲ ಕಾರ್ಖಾನೆಯೂ ಅಷ್ಟೇ ಮುಖ್ಯ.

2023ರಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮವನ್ನು ತಿದ್ದಿತು. ಬಿಸಿಲ ಹೊತ್ತಿನ ದರ ಮಾಮೂಲಿ ದರಕ್ಕಿಂತ ಕನಿಷ್ಠ 20% ಕಡಿಮೆ, ಕೈಗಾರಿಕೆಗೆ ಪೀಕ್ ಹೊತ್ತಿನ ದರ ಕನಿಷ್ಠ 20% ಜಾಸ್ತಿ ಇರಬೇಕು ಅನ್ನುತ್ತದೆ ಆ ತಿದ್ದುಪಡಿ. ದರ ನಿಗದಿ ಮಾಡುವುದು ಆಯಾ ರಾಜ್ಯದ ಆಯೋಗ. ಆದರೆ ದಿಕ್ಕು ಸ್ಪಷ್ಟವಾಗಿದೆ. ನಡುರಾತ್ರಿಯ ಅಗ್ಗದ ಕರೆಂಟ್ ನಿಧಾನಕ್ಕೆ ನಡುಮಧ್ಯಾಹ್ನಕ್ಕೆ ಬರುತ್ತಿದೆ.

ಹಾಗಾಗಿ ಕಾಕಾ ಮತ್ತು ನಾನು ಈಗ ಮಧ್ಯಾಹ್ನದ ಪ್ರಯೋಗದಲ್ಲಿದ್ದೇವೆ. ಇದು ಇನ್ನೂ ಪೂರ್ತಿ ಬಗೆಹರಿದಿಲ್ಲ. ಮಧ್ಯಾಹ್ನ ಫರ್ನೇಸ್ ಹಚ್ಚಿದರೆ ಸೋಲಾರ್ ಚೆನ್ನಾಗಿ ಬಳಕೆಯಾಗುತ್ತದೆ, ಆದರೆ ಅದೇ ಹೊತ್ತಿಗೆ ಸಿಎನ್‌ಸಿಗಳೂ ಓಡುತ್ತಿರುತ್ತವೆ. ಬಿಸಿ ಏರುವಾಗಲೇ ಒಂದು ಮೋಡ ಅಡ್ಡ ಬಂದು ನಿಂತರೆ ಲೈನಿನಿಂದ ಎಳೆಯುವ ಲೋಡ್ ಜಿಗಿದು ಗರಿಷ್ಠ ಬೇಡಿಕೆ ಏರುತ್ತದೆ. ಅದಕ್ಕೆ ಫರ್ನೇಸಿನ ಹೀಟರ್‌ಗಳನ್ನು ಮೂರು ಗುಂಪು ಮಾಡುತ್ತಿದ್ದೇವೆ. ಕಾಲು ತಾಸಿನ ಸರಾಸರಿ ಮಿತಿಯ ಹತ್ತಿರ ಬಂದರೆ ಒಂದು ಗುಂಪು ತಾನೇ ಬಿಡಬೇಕು. ಬಿಸಿ ಏರುವುದು ತಡವಾದರೆ ಕೆಲಸಕ್ಕೆ ತೊಂದರೆಯಿಲ್ಲ, ಅವಸರದಲ್ಲಿ ಏರಿದರೆ ಮಾತ್ರ ತೊಂದರೆ ಅಂತ ಕಾಕಾ ಹೇಳಿದ್ದಾರೆ. ಮೊದಲ ಗುಂಪಿನ ವೈರಿಂಗ್ ಮುಗಿದಿದೆ. ಉಳಿದ ಎರಡನ್ನು ಮಳೆಗಾಲದ ಮೋಡ ಶುರುವಾಗುವ ಮುಂಚೆ ಮುಗಿಸಬೇಕು.