ಬ್ಲೌಸ್ ಡೇಟು, ರಾಕೆಟ್ ಡೇಟು

ಮಂಡ್ಯದ ಗುತ್ತಲು ರಸ್ತೆ ಕಡೆ ನಂದೊಂದು ಚಿಕ್ಕ ಲೇಡೀಸ್ ಟೈಲರ್ ಅಂಗಡಿ. ಜೂನ್ ಬಂತು ಅಂದ್ರೆ ಒಂದು ಕಡೆ ಸ್ಕೂಲ್ ಯೂನಿಫಾರ್ಮು, ಇನ್ನೊಂದು ಕಡೆ ಆಷಾಢ ಶುರುವಾಗೋಕೆ ಮುಂಚೆ ಮುಗಿಸ್ಬೇಕಾದ ಮದುವೆ ಬ್ಲೌಸು, ಊಟ ಮಾಡೋಕೂ ಪುರುಸೊತ್ತಿರಲ್ಲ. 2025ರ ಜೂನಲ್ಲಿ ಈ ಗಲಾಟೆ ಮಧ್ಯೆನೇ ನಮ್ಮ ದೇಶದ ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ, ಅಂದ್ರೆ ಭೂಮಿ ಸುತ್ತೋ ಸ್ಟೇಷನ್ಗೆ, ಹೋಗೋ ರಾಕೆಟ್ಟನ್ನ ಲೈವ್ ನೋಡ್ಲೇಬೇಕು ಅಂತ ಹಠ ಹಿಡಿದೆ. ಶುರು ಮಾಡಿದ್ದು ಎಂಟನೇ ಕ್ಲಾಸಲ್ಲಿರೋ ನನ್ನ ಮಗ, ಆಮೇಲೆ ಅವನು ಬಿಟ್ಟ ನಾನು ಹಿಡ್ಕೊಂಡೆ.

ಮೊದಲು ಹೇಳಿದ್ದು ಮೇ 29, ನಮ್ಮ ಟೈಮಲ್ಲಿ ರಾತ್ರಿ 10:33. ಅದು ಜೂನ್ 8ಕ್ಕೆ ಹೋಯ್ತು, ಸಂಜೆ 6:41. ಆಮೇಲೆ 10ನೇ ತಾರೀಕು ಸಂಜೆ 5:52, ಹವಾಮಾನ ಸರಿಯಿಲ್ಲ ಅಂತ 11ನೇ ತಾರೀಕು 5:30. ನಾನು ಇದನ್ನೆಲ್ಲ ಅಳತೆ ಬುಕ್ಕಿನ ಕೊನೇ ಪುಟದಲ್ಲಿ ಬರೀತಾ ಹೋದೆ, ಬ್ಲೌಸ್ ಡೆಲಿವರಿ ಡೇಟ್ ಹೊಡೆದು ತಿದ್ದೋ ಹಾಗೇನೇ ಇದನ್ನೂ ಹೊಡೆದು ತಿದ್ದೋದು. ಅಂಗಡಿಗೆ ಬರೋ ಹೆಂಗಸರಿಗೂ ಅಭ್ಯಾಸ ಆಗೋಯ್ತು, "ಏನಕ್ಕ, ಇವತ್ತೂ ಹಾರ್ನಿಲ್ವಾ" ಅಂತ ಕೇಳ್ಕೊಂಡೇ ಒಳಗೆ ಬರೋರು.

ನಂಗೆ ಮೊದಲು ಅರ್ಥ ಆಗಿದ್ದು ಈ ಡೇಟ್ ಹೇಳೋ ರೀತಿ. ಅವರು 'ಇಂಥ ದಿನ' ಅಂತ ಹೇಳಲ್ಲ, 'ಇಂಥ ದಿನಕ್ಕಿಂತ ಮುಂಚೆ ಇಲ್ಲ' ಅಂತಾರೆ. ಟಿವಿಯವರು ಆ ಬಾಲ ಕತ್ತರಿಸಿ ಬರೀ ಡೇಟ್ ಹಾಕ್ತಾರೆ, ನಾವು ಟೀ ಇಟ್ಕೊಂಡು ಕೂತ್ಕೋತೀವಿ. ಟೈಲರ್ ಆಗಿ ನಂಗೆ ಇದು ಮೊದಲೇ ಗೊತ್ತಾಗ್ಬೇಕಿತ್ತು, ನಾನೂ "ಶುಕ್ರವಾರ ಕೊಡ್ತೀನಿ" ಅನ್ನಲ್ವಲ್ಲ, "ಶುಕ್ರವಾರ ಕಳೀಲಿ ಬನ್ನಿ" ಅಂತೀನಿ!

11ನೇ ತಾರೀಕು ಬೆಳಗ್ಗೆ ಎದ್ದು ಫೋನ್ ನೋಡಿದ್ರೆ ಮತ್ತೆ ಮುಂದಕ್ಕೆ. ಹಾರಿಸೋಕೆ ಮುಂಚೆ ರಾಕೆಟ್ಟನ್ನ ಹಾರಿಸೋ ಕಟ್ಟೆ, ಅಂದ್ರೆ ಪ್ಯಾಡ್ ಮೇಲೇ ಕಟ್ಟಿಹಾಕಿ 7 ಸೆಕೆಂಡ್ ಇಂಜಿನ್ ಉರಿಸಿ ಟೆಸ್ಟ್ ಮಾಡಿದಾರೆ, ಆಗ ಇಂಜಿನ್ ಇರೋ ಭಾಗದಲ್ಲಿ ದ್ರವ ಆಮ್ಲಜನಕ ಲೀಕ್ ಆಗೋದು ಸಿಕ್ಕಿದೆ. ಇದನ್ನ ನಮ್ಮ ಇಸ್ರೋನೇ ಹೇಳಿಕೆ ಕೊಟ್ಟು ಬಿಡಿಸಿ ಹೇಳಿತ್ತು, ಅದಕ್ಕೇ ಅವತ್ತಿಂದ ನಾನು ಬೇರೆ ಚಾನೆಲ್ ಬಿಟ್ಟು ಇಸ್ರೋ, ನಾಸಾ, ಈ ಪ್ರಯಾಣ ಏರ್ಪಡಿಸಿದ್ದ ಅಮೆರಿಕದ ಕಂಪನಿ ಆಕ್ಸಿಯಮ್, ಈ ಮೂರರ ಪೇಜ್ ಮಾತ್ರ ನೋಡೋಕೆ ಶುರು ಮಾಡ್ದೆ. ಯೂಟ್ಯೂಬಲ್ಲಂತೂ ಹಳೇ ಲಾಂಚ್ ವಿಡಿಯೋಗೆ 'ಲೈವ್' ಅಂತ ಬರೆದು ಬಿಟ್ಟಿರ್ತಾರೆ, ನಾನೇ ಒಂದ್ಸಲ ಅರ್ಧ ಗಂಟೆ ಯಾವುದೋ ಹಳೇದನ್ನ ನೋಡಿ ರೋಮಾಂಚನ ಆಗಿದೀನಿ.

ಲೀಕ್ ಸರಿಮಾಡಿದ್ರು, ಅಷ್ಟರಲ್ಲಿ ಮೇಲಿರೋ ಸ್ಟೇಷನ್ನಲ್ಲೇ ತಕರಾರು. ಅಲ್ಲಿ ಜ್ವೆಜ್ದಾ ಅಂತ ರಷ್ಯಾದವರ ಭಾಗ ಇದೆ, ಅದರ ಹಿಂದಿನ ತುದಿಯಲ್ಲಿ ಗಾಳಿ ಸೋರ್ತಿತ್ತು, ಅದನ್ನ ರಿಪೇರಿ ಮಾಡಿದ್ದಾರೆ, ಈಗ ಒತ್ತಡ ನಿಲ್ಲುತ್ತಾ ಇಲ್ವಾ ನೋಡ್ಬೇಕು ಅಂದ್ರು. ಅದಕ್ಕೆ 19 ಅಂದ್ರು, ಆಮೇಲೆ 22 ಅಂದ್ರು, ಅದೂ ಹೋಯ್ತು. ಪಾಪ ಹೋಗ್ಬೇಕಿದ್ದ ನಾಲ್ಕು ಜನ, ಶುಕ್ಲಾನೂ ಸೇರಿ, ಮೇ 25ರಿಂದ ಕ್ವಾರಂಟೈನಲ್ಲೇ ಕೂತಿದ್ರು ಕಣ್ರೀ.

ಈಗ ಅಳತೆ ಬುಕ್ಕಿನ ಕತೆ. 22 ಭಾನುವಾರ, ಅವತ್ತಿಗೆ ಕೊಟ್ಟಿದ್ದ ಟೈಮು ಮಧ್ಯಾಹ್ನ 1:12. ಅದಕ್ಕೆ ಗೀಟು ಹೊಡೆದು ಕೆಳಗೆ ಹೊಸ ಡೇಟ್ 25, ಟೈಮು 12:01 ಅಂತ ಬರೀತಿದ್ದೆ, ಆಗ ಕಣ್ಣಿಗೆ ಬಿತ್ತು, ಡೇಟ್ ಮುಂದೆ ಹೋದಷ್ಟೂ ಟೈಮ್ ಹಿಂದೆ ಬರ್ತಿದೆ. ರಾತ್ರಿ ಇದ್ದದ್ದು ಸಂಜೆ ಆಯ್ತು, ಸಂಜೆ ಇದ್ದದ್ದು ಮಧ್ಯಾಹ್ನ ಆಯ್ತು. 11ನೇ ತಾರೀಕು 5:30, 25ನೇ ತಾರೀಕು 12:01, ಅಂದ್ರೆ 14 ದಿನಕ್ಕೆ 5 ಗಂಟೆ 29 ನಿಮಿಷ, 329 ನಿಮಿಷ. ಭಾಗಿಸಿದ್ರೆ ದಿನಕ್ಕೆ ಇಪ್ಪತ್ತಮೂರೂವರೆ ನಿಮಿಷ. 8ನೇ ತಾರೀಕಿಂದ 11ಕ್ಕೆ ಲೆಕ್ಕ ಹಾಕ್ದೆ, ಅಲ್ಲೂ ಅಷ್ಟೇ! ಮಗನ್ನ ಕರ್ದು ತೋರಿಸ್ದೆ, ಅವನು "ಹೌದಲ್ಲಮ್ಮ" ಅಂದು ಮತ್ತೆ ಗೇಮ್ ಆಡೋಕೆ ಹೋದ.

ಯಾಕೆ ಅಂತ ಹುಡುಕೋಕೆ ಎರಡು ರಾತ್ರಿ ಬೇಕಾಯ್ತು. ನಂಗೆ ಅರ್ಥ ಆಗಿದ್ದು ಇಷ್ಟು. ಸ್ಟೇಷನ್ ಸುತ್ತೋ ದಾರಿ ಒಂದು ದೊಡ್ಡ ಬಳೆ ಅನ್ಕೊಳ್ಳಿ, ಓರೆಯಾಗಿ ಇಟ್ಟಿರೋ ಬಳೆ, ಅದರೊಳಗೆ ಭೂಮಿ ತಿರುಗ್ತಾ ಇದೆ. ಫ್ಲಾರಿಡಾದ ಆ ಪ್ಯಾಡ್ ತಿರುಗ್ತಾ ತಿರುಗ್ತಾ ಬಳೆ ಕೆಳಗೆ ಬರೋ ಕ್ಷಣಕ್ಕೇ ರಾಕೆಟ್ ಬಿಡ್ಬೇಕು, ಆಮೇಲೆ ಆಚೆ ಈಚೆ ತಿರುಗಿಸ್ಕೊಂಡು ಹೋಗೋಕೆ ಅಷ್ಟು ಇಂಧನ ಇರಲ್ಲ. ಆ ಬಳೆ ಸುಮ್ನೆ ನಿಂತಿರಲ್ಲ, ಭೂಮಿ ನಡು ಸ್ವಲ್ಪ ದಪ್ಪ ಇರೋದ್ರಿಂದ ಆ ಸೆಳೆತಕ್ಕೆ ದಿನಕ್ಕೆ ಸುಮಾರು 5 ಡಿಗ್ರಿ ಪಶ್ಚಿಮಕ್ಕೆ ಜರುಗುತ್ತೆ. ಹಂಗಾಗಿ ದಿನಾ ಪ್ಯಾಡು ಬಳೆ ಕೆಳಗೆ ಸ್ವಲ್ಪ ಬೇಗ ಬರುತ್ತೆ. ಹುಣ್ಣಿಮೆ ಕಳೆದ ಮೇಲೆ ಚಂದ್ರ ದಿನಾ ಲೇಟಾಗಿ ಹುಟ್ತಾನಲ್ಲ, ಇದು ಅದರ ಉಲ್ಟಾ. ಅಲ್ಲಿಂದಾಚೆಗೆ ಡೇಟ್ ಹೇಳಿದ್ರೆ ಸಾಕು, ಟೈಮ್ ನಾನೇ ಹೇಳೋಕೆ ಶುರು ಮಾಡ್ದೆ, ಸ್ವಲ್ಪ ಜಂಬನೂ ಬಂತು.

25 ಬುಧವಾರ, ಅಮಾವಾಸ್ಯೆ. ನಮ್ಮತ್ತೆ ಬೆಳಗ್ಗೆನೇ ಶುರು, "ಅಮಾಸೆ ದಿನ ಯಾರಾದ್ರೂ ಮನೆ ಬುಟ್ಟು ಒಂಟಾರಾ?" ಅಂತ. ನಾನು ಹಾರೋವಾಗ ಅಮೆರಿಕದಲ್ಲಿ ಇನ್ನೂ ನಡುರಾತ್ರಿ ಅತ್ತೆ, 2:31 ಅಂದೆ, ಅದಕ್ಕೆ ಅವರು ಇನ್ನೂ ಗಾಬರಿ ಆದ್ರು. ಅಲ್ಲಿಗೂ ನಮಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ, ಅವರದ್ದಕ್ಕೆ ಅಷ್ಟು ಕೂಡಿಸ್ಕೋಬೇಕು. ನಾನು ಹತ್ತು ಕಳೆದು ಅರ್ಧ ಸೇರ್ಸೋದು, ಹತ್ತು ಕೂಡಿ ಅರ್ಧ ಕಳೆಯೋದು ಅಂತೆಲ್ಲ ಮಾಡಿ ಒಂದೆರಡು ಸಲ ತಪ್ಪಿದೀನಿ, ಪೇಪರಲ್ಲಿ ಬರೆದೇ ಲೆಕ್ಕ ಹಾಕೋದು ವಾಸಿ.

ಫೋನನ್ನ ಮೆಷಿನ್ ಪಕ್ಕ ದಾರದ ಡಬ್ಬಿಗೆ ಒರಗಿಸಿ ಇಟ್ಟೆ. ಎಲ್ಲಾ ಬಿಟ್ಟು ಮೂರ್ನಾಲ್ಕು ಗಂಟೆ ನೋಡೋಕೆ ನಮ್ಮಂಥವರಿಗೆ ಆಗಲ್ಲ, ಅದಕ್ಕೇ ನಾನು ಆರಿಸ್ಕೊಂಡಿದ್ದು 11:15ರಿಂದ. 45 ನಿಮಿಷ ಇರುವಾಗ ಒಬ್ಬೊಬ್ಬರನ್ನೇ ಕೇಳಿ ಇಂಧನ ತುಂಬಬಹುದಾ ಅಂತ ತೀರ್ಮಾನ ಮಾಡ್ತಾರೆ, ಆಮೇಲೆ ಜನ ನಡ್ಕೊಂಡು ಹೋದ ಸೇತುವೆ ಪಕ್ಕಕ್ಕೆ ಸರಿಯುತ್ತೆ, 35 ನಿಮಿಷ ಇರುವಾಗ ಒಳಗೆ ಜನ ಕೂತಿರೋ ಹಾಗೇ ತುಂಬೋಕೆ ಶುರು. ಇಂಧನದ ಜೊತೆ ತುಂಬೋ ಆ ದ್ರವ ಆಮ್ಲಜನಕ ಎಷ್ಟು ತಣ್ಣಗೆ ಇರ್ಬೇಕು ಅಂದ್ರೆ ತುಂಬಿದ ಮೇಲೆ ಕಾಯೋ ಹಾಗಿಲ್ಲ, ಬಿಸಿಯಾಗುತ್ತೆ. ತುಂಬೋಕೆ ಶುರು ಮಾಡಿದ್ರು ಅಂದ್ರೆ ಆಮೇಲೆ ಎರಡೇ, ಹಾರೋದು ಇಲ್ಲಾ ಅವತ್ತಿಗೆ ಮುಗೀತು.

ಸರಿಯಾಗಿ ಅದೇ ಟೈಮಿಗೆ ಬಂದ್ರು ಒಬ್ಬರು, 11ನೇ ತಾರೀಕು ಕೊಡ್ತೀನಿ ಅಂದಿದ್ದ ಬ್ಲೌಸ್ ಕೇಳ್ಕೊಂಡು. ಬೈಯ್ಯೋಕೇ ಬಂದಿದ್ರು ಅನ್ಸುತ್ತೆ. ನಾನು ಸ್ಟೂಲ್ ಹಾಕ್ದೆ, ಅವರೂ ಕೂತ್ರು, ಪಕ್ಕದ ಜೆರಾಕ್ಸ್ ಅಂಗಡಿ ಹುಡುಗನೂ ಬಂದು ನಿಂತ. ಎಣಿಕೆ ಮುಗಿದು ಬೆಂಕಿ ಬಂದಾಗ ಮೂರು ಜನಾನೂ ಸುಮ್ನೆ. ಎರಡೂವರೆ ನಿಮಿಷದಲ್ಲಿ ಕೆಳಗಿನ ಭಾಗ ಕಳಚ್ಕೊಳ್ತು, ಆಮೇಲೆ ಅದು ವಾಪಸ್ ಬಂದು ನಿಂತ್ಕೊಳ್ತು, ಹತ್ತು ನಿಮಿಷದೊಳಗೆ ಅವರು ಕೂತಿದ್ದ ಡ್ರ್ಯಾಗನ್ ಅನ್ನೋ ನೌಕೆ ರಾಕೆಟ್ಟಿಂದ ಬೇರೆ ಆಯ್ತು. ಒಳಗೆ ಒಂದು ಹಂಸದ ಗೊಂಬೆ ತೇಲ್ತಿತ್ತು. ಶುಕ್ಲಾ ಹಿಂದಿಯಲ್ಲಿ ಮಾತಾಡಿದ್ರು, 1984ರಲ್ಲಿ ರಾಕೇಶ್ ಶರ್ಮಾ ಹೋದ ಮೇಲೆ 41 ವರ್ಷ ಅಂತ.

"ಸರಿ, ಅವರಂತೂ ಓದ್ರು, ನನ್ ಬ್ಲೌಸ್ ಎಲ್ಲಕ್ಕ?" ಅಂದ್ರು ಅವರು. ಹುಕ್ಕು ಹಾಕಿರ್ಲಿಲ್ಲ. ಅಲ್ಲೇ ಕೂತು ಹಾಕಿಕೊಟ್ಟೆ, ಇಪ್ಪತ್ತು ರೂಪಾಯಿ ಕಮ್ಮಿ ಮಾಡ್ಕೊಂಡ್ರು.

ಮಾರನೇ ದಿನ ಆಷಾಢ ಶುರು, ಸಂಜೆ 4:01ಕ್ಕೆ ಡ್ರ್ಯಾಗನ್ ಸ್ಟೇಷನ್ಗೆ ಅಂಟ್ಕೊಳ್ತು, ಹೊರಟು ಸರಿಯಾಗಿ 28 ಗಂಟೆ. ಬೇಗನೇ ಬಳೆ ಮೇಲೆ ಹತ್ತಿದ್ರೂ ಸ್ಟೇಷನ್ನ ಹಿಡಿಯೋಕೆ ಅಷ್ಟು ಸುತ್ತಬೇಕು. ಅದನ್ನ ಅರ್ಧಂಬರ್ಧ ನೋಡಿದೆ, ನೆಟ್ ಕೈಕೊಡ್ತು.

ಜುಲೈ 15 ಮಧ್ಯಾಹ್ನ 3:01ಕ್ಕೆ ಸ್ಯಾನ್ ಡಿಯಾಗೋ ಹತ್ರ ಸಮುದ್ರಕ್ಕೆ ಇಳಿದ್ರಲ್ಲ, ಆಗ ಅಂಗಡೀಲಿ ಯಾರೂ ಇರ್ಲಿಲ್ಲ, ಆಷಾಢದಲ್ಲಿ ನಮಗೆ ಕೆಲಸನೂ ಕಮ್ಮಿ. ಕೊನೇಗೆ ದೊಡ್ಡ ಪ್ಯಾರಾಚೂಟ್ ನಾಲ್ಕು ಬಿಚ್ಕೊಂಡ್ವು. ಎಲ್ಲರೂ ಕೆಳಗಿರೋ ಡಬ್ಬಿ ನೋಡ್ತಿದ್ರೇನೋ, ನಾನು ಮಾತ್ರ ಮೇಲಿನ ಬಟ್ಟೇನೇ ನೋಡ್ತಿದ್ದೆ, ಅಷ್ಟು ಉದ್ದದ ಹೊಲಿಗೆ, ಅಷ್ಟು ಭಾರ, ಎಷ್ಟು ವರಸೆ ಹೊಲಿದಿರ್ಬೋದು, ಯಾವ ದಾರ ಹಾಕಿರ್ಬೋದು ಅಂತ.