ಕಲ್ಲೆತ್ತುವ ಮೊದಲು ನೀರನ್ನು ಅಳೆಯಿರಿ: ಸಿಂಗಪುರದ ಏಡಿ ಸಮೀಕ್ಷೆಯ ನನ್ನ ಅನುಭವ

ಏಡಿ ಎಣಿಸಲು ಹೋದವರು ಮೊದಲಿಗೆ ನೀರಿಗೆ ಇಳಿಯಬಾರದು. ನಾನು ದಂಡೆಯಲ್ಲಿ ನಿಂತೇ, ನೀರು ಎಷ್ಟು ಹುಳಿ (ಆಮ್ಲೀಯ) ಎಂದು ತಿಳಿಸುವ ಪಿಎಚ್ ಮಾಪಕವನ್ನು ತೊರೆಗೆ ಅದ್ದಿ, ಅಂಕಿ ಒಂದೆಡೆ ನಿಲ್ಲುವವರೆಗೆ ಕಾಯುತ್ತೇನೆ. ಒಬ್ಬರು ಕಾಲಿಟ್ಟರೂ ತಳದ ಕೆಸರು ಎದ್ದು ಅಳತೆ ಕೆಡಬಹುದು. ಮಾಪಕವನ್ನು ಅಂದೇ ಸಂಜೆ 4 ಮತ್ತು 7 ಪಿಎಚ್‌ನ ದ್ರಾವಣಗಳಲ್ಲಿ ಪರೀಕ್ಷಿಸಿ ಸರಿಹೊಂದಿಸಿಕೊಂಡೇ ಕಾಡಿಗೆ ಹೊರಡುವುದು. ಒಂದು ಅಂಕಿಗಾಗಿ ಇಷ್ಟು ಕಾಳಜಿ ವಹಿಸುವುದಕ್ಕೆ ಕಾರಣವಿದೆ.

ನಾವು ಹುಡುಕುವ ಏಡಿಯ ಹೆಸರು ಜೊಹೊರಾ ಸಿಂಗಪುರೆನ್ಸಿಸ್. ಸಿಹಿನೀರಿನ ಈ ಜೀವಿ ಸಿಂಗಪುರವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಬುಕಿತ್ ತಿಮಾ ಗುಡ್ಡದ ತೊರೆಯಲ್ಲಿ ಸಿಕ್ಕ ಇದನ್ನು ಏಡಿತಜ್ಞ ಪೀಟರ್ ಇಂಗ್ 1986ರಲ್ಲಿ ಹೊಸ ಪ್ರಭೇದವೆಂದು ವಿವರಿಸಿದರು. ಮುಂದೆ ಅದೇ ತೊರೆಯಲ್ಲಿ ಎಷ್ಟು ಹುಡುಕಿದರೂ ಅದು ಸಿಗದಾಯಿತು. ಅಲ್ಲಿ ಕಾಡನ್ನು ಯಾರೂ ಕಡಿದಿರಲಿಲ್ಲ, ಅದು ಮೀಸಲು ಪ್ರದೇಶವಾಗಿಯೇ ಇತ್ತು. ಕೆಟ್ಟದ್ದು ನೀರು. ಏಡಿ ಉಳಿದುಕೊಂಡಿದ್ದ ತೊರೆಗಳಲ್ಲಿ ಪಿಎಚ್ 6ರ ಮೇಲಿದ್ದರೆ ಇಲ್ಲಿ 5ಕ್ಕಿಂತ ಕೆಳಗೆ ಇಳಿದಿತ್ತು. ಆಮ್ಲಮಳೆ ಇದಕ್ಕೆ ಕಾರಣವಿರಬೇಕೆಂದು ಸಂಶೋಧಕರು ಶಂಕಿಸಿದರು. ಪಿಎಚ್ ಒಂದು ಅಂಕ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುತ್ತದೆ. ಪೊರೆ ಕಳಚಿದ ಏಡಿಯ ಮೆತ್ತನೆಯ ಚಿಪ್ಪು ಗಟ್ಟಿಯಾಗಲು ಕ್ಯಾಲ್ಸಿಯಂ ಬೇಕು. ಹುಳಿಯಾದ ನೀರಿನಲ್ಲಿ ಅದನ್ನು ಪಡೆಯುವುದೂ ಕಷ್ಟ, ಉಳಿಸಿಕೊಳ್ಳುವುದೂ ಕಷ್ಟ. 2012ರಲ್ಲಿ ಪ್ರಕಟವಾದ, ಜಗತ್ತಿನ ಅತ್ಯಂತ ಅಪಾಯದಲ್ಲಿರುವ 100 ಜೀವಿಗಳ ಪಟ್ಟಿಯಲ್ಲಿ ಈ ಏಡಿಯೂ ಇತ್ತು.

ಉದ್ಯೋಗಕ್ಕೆಂದು ಈ ದ್ವೀಪಕ್ಕೆ ಬಂದ ನಾನು ಸಮೀಕ್ಷಾ ತಂಡದಲ್ಲಿ ಸ್ವಯಂಸೇವಕಿ. ಪರವಾನಗಿ ಇಲ್ಲದೆ ಯಾರೂ ಈ ತೊರೆಗಳಲ್ಲಿ ಕೈಯಾಡಿಸುವಂತಿಲ್ಲ. ಅದು ಇರಲೇಬೇಕಾದ ನಿಯಮ. ಹಿಂದಿನ ತೊರೆಯ ರೋಗಾಣು ಮುಂದಿನದಕ್ಕೆ ಹೋಗದಂತೆ ಬೂಟುಗಳನ್ನು ತೊಳೆದು, ಪೂರ್ತಿ ಒಣಗಿಸಿ ತರುತ್ತೇವೆ. ಏಡಿ ಹಗಲಿಡೀ ಕಲ್ಲಿನಡಿ, ತರಗೆಲೆಗಳಡಿ ಅಡಗಿದ್ದು ಕತ್ತಲಾದ ಮೇಲೆ ಹೊರಬರುವುದರಿಂದ ನಮ್ಮ ಕೆಲಸವೂ ರಾತ್ರಿಯದೇ. ನಡೆಯುವುದು ಯಾವಾಗಲೂ ನೀರು ಬರುವ ದಿಕ್ಕಿಗೆ. ಹಾಗಾದರೆ ನಾವೆಬ್ಬಿಸಿದ ಕೆಸರು ಹಿಂದಕ್ಕೆ ಸರಿದು ಮುಂದಿನ ನೀರು ತಿಳಿಯಾಗಿರುತ್ತದೆ.

ಕಲ್ಲೆತ್ತುವುದಕ್ಕೂ ಒಂದು ಕ್ರಮವಿದೆ. ಕಲ್ಲನ್ನು ಪೂರ್ತಿ ಮಗುಚದೆ, ಒಂದು ಅಂಚನ್ನು ಮಾತ್ರ ನನ್ನ ಕಡೆಗೆ ಮೆಲ್ಲನೆ ಎತ್ತುತ್ತೇನೆ. ಇನ್ನೊಂದು ಕೈಯಲ್ಲಿ ಸಣ್ಣ ಬಲೆ ಹರಿವಿಗೆ ಅಡ್ಡವಾಗಿ ಸಿದ್ಧವಿರುತ್ತದೆ. ನೋಡಿಯಾದ ಮೇಲೆ ಕಲ್ಲನ್ನು ಮೊದಲಿದ್ದ ಕುಳಿಯಲ್ಲೇ, ಮೊದಲಿದ್ದ ಮಗ್ಗುಲಲ್ಲೇ ಕೂರಿಸಬೇಕು. ಓರೆಯಾಗಿ ಇಟ್ಟರೆ ಅಡಿಯ ಸಂದು ಮುಚ್ಚಿ ಏಡಿಯ ಮನೆ ಹೋಯಿತೆಂದೇ ಲೆಕ್ಕ. ಅವಸರದಲ್ಲಿ ತೊರೆಯಿಡೀ ಜಾಲಾಡುವವರಿಗಿಂತ, ಬೆರಳೆಣಿಕೆಯ ಕಲ್ಲುಗಳನ್ನು ಹೀಗೆ ಜೋಪಾನವಾಗಿ ನೋಡುವವರ ಲೆಕ್ಕವನ್ನೇ ನಾನು ಹೆಚ್ಚು ನಂಬುತ್ತೇನೆ.

ಸಿಕ್ಕಿದ್ದು ಅದೇ ಏಡಿಯೋ ಎಂದು ಖಚಿತಪಡಿಸಿಕೊಳ್ಳುವುದು ಮುಂದಿನ ಹೆಜ್ಜೆ. ದ್ವೀಪದಲ್ಲಿ ಪ್ಯಾರಾಥೆಲ್ಫುಸಾ ಮ್ಯಾಕ್ಯುಲಾಟಾ ಎಂಬ ಇನ್ನೊಂದು ಏಡಿಯಿದೆ. ಅದರ ಮರಿಗಳು ಹೊಸಬರನ್ನು ಸುಲಭವಾಗಿ ಗೊಂದಲಕ್ಕೆ ಕೆಡವುತ್ತವೆ. ಆದರೆ ಅದರ ಚಿಪ್ಪಿನ ಪಕ್ಕದ ಅಂಚಿನಲ್ಲಿ ಎದ್ದು ಕಾಣುವ ಹಲ್ಲುಗಳಿರುತ್ತವೆ. ನಮ್ಮದರ ಅಂಚು ಹೆಚ್ಚು ನಯ, ಬೆಳೆದ ಏಡಿಯ ಚಿಪ್ಪೂ ಹೆಚ್ಚೆಂದರೆ ಸುಮಾರು 3 ಸೆಂಟಿಮೀಟರ್ ಅಗಲ. ಹೊಟ್ಟೆಯ ಮಡಿಕೆ ಕಿರಿದಾಗಿದ್ದರೆ ಗಂಡು, ಅಗಲವಾಗಿ ದುಂಡಗಿದ್ದರೆ ಹೆಣ್ಣು. ಒಮ್ಮೆ ತಿರುಗಿಸಿದ ಹೆಣ್ಣೊಂದರ ಮಡಿಕೆ ಉಬ್ಬಿಕೊಂಡಿತ್ತು. ದೀಪ ಹತ್ತಿರ ಹಿಡಿದರೆ ಒಳಗೆ ಮರಿಗಳು! ಮೆಂತ್ಯೆ ಕಾಳಿನಷ್ಟು ಗಾತ್ರದ ಮೈಗೆ ಕಾಲುಗಳು, ಕಣ್ಣುಗಳು, ಪುಟ್ಟ ಇಕ್ಕುಳಗಳು ಎಲ್ಲವೂ ಬಂದಿದ್ದವು. ಅಳತೆ ಬೇಡವೆಂದು ತಕ್ಷಣ ಅದೇ ಕಲ್ಲಿನ ಪಕ್ಕ ಬಿಟ್ಟೆವು. ಮರಿ ಹೊತ್ತ ತಾಯಿಯನ್ನು ಬಕೆಟ್ಟಿನಲ್ಲಿ ಕೂಡಿಡಬಾರದು.

ಸಮುದ್ರದ ಎಷ್ಟೋ ಏಡಿಗಳ ಮರಿಗಳು ಲಾರ್ವಾಗಳಾಗಿ ತೇಲಿ ದೂರದೂರ ಹರಡುತ್ತವೆ. ಇದಕ್ಕೆ ಆ ಹಂತವೇ ಇಲ್ಲ, ಮೊಟ್ಟೆಯೊಡೆದು ಬರುವುದು ನೇರವಾಗಿ ಪುಟ್ಟ ಏಡಿಯೇ. ಹಾಗಾಗಿ ಒಂದು ತೊರೆಯ ಸಂತತಿ ಬಹುಮಟ್ಟಿಗೆ ಆ ತೊರೆಗೇ ಸೀಮಿತ. ಕಾಡಂಚು ದಾಟಿದರೆ ಕಾಂಕ್ರೀಟ್ ಕಾಲುವೆ, ಅದರಾಚೆ ರಸ್ತೆ. ಒಂದು ತೊರೆ ಬತ್ತಿದರೆ ಪಕ್ಕದಿಂದ ಬಂದು ತುಂಬುವವರು ಯಾರೂ ಇಲ್ಲ. ಮಂಡಾಯ್ ಮೃಗಾಲಯದವರು, ನ್ಯಾಷನಲ್ ಪಾರ್ಕ್ಸ್ ಬೋರ್ಡ್ ಮತ್ತು ವಿಶ್ವವಿದ್ಯಾಲಯದ ಸಂಶೋಧಕರು ಕೂಡಿ ಇವುಗಳ ಸಂತಾನಾಭಿವೃದ್ಧಿಗೆ ಕೈಹಾಕಿದ್ದು ನನಗೆ ದೊಡ್ಡ ಸಮಾಧಾನ. ಆದರೆ ತೊಟ್ಟಿಯಲ್ಲಿ ಬೆಳೆದವುಗಳನ್ನು ಬಿಡಲು ಹುಳಿಯಾಗದ, ಬತ್ತದ ನೀರು ಬೇಕಲ್ಲ? ಅದಕ್ಕಾಗಿಯೇ ಏಡಿ ಒಂದೂ ಸಿಗದ ರಾತ್ರಿಯ ಪಿಎಚ್ ಅಂಕಿಯನ್ನೂ ತಪ್ಪದೆ ಬರೆದಿಡುತ್ತೇವೆ.

ಗೆಳೆಯರು ಫೋಟೊ ಕೇಳಿದರೆ ಸಂತೋಷದಿಂದ ತೋರಿಸುತ್ತೇನೆ, ತೊರೆಯ ಜಾಗ ಮಾತ್ರ ಹೇಳುವುದಿಲ್ಲ. ಹಿಡಿದು ಮಾರುವವರ ಕಿವಿಗೆ ಅದು ಬೀಳಬಾರದು. ನಮ್ಮ ತಂಡ ಸೇರುವವರಿಗೆ ಮೊದಲ ದಿನವೇ ಹೇಳುವುದೂ ಇದನ್ನೇ: ಕಾಡಿಗೆ ಕಾಲಿಡುವ ಮೊದಲು ಮೊಬೈಲ್ ಕ್ಯಾಮೆರಾದ ಲೊಕೇಶನ್ ಆಫ್ ಮಾಡಿ.